ಕಬ್ಬಿಣ ತೊರೆದ ಹಡಗು, ಎಂಜಿನ್ ತೊರೆದ ವಿಮಾನ

ಸಿಂಧನೂರಿನ ಗದ್ದೆಗಳ ಮೇಲೆ, ಒಂದು ಕಿಲೋಮೀಟರ್ ಎತ್ತರದಲ್ಲಿ, ಎಂಜಿನ್ ಇಲ್ಲದ ವಿಮಾನವೊಂದನ್ನು ಬಿಟ್ಟರೆ ಅದು ಎಲ್ಲಿಯವರೆಗೆ ಹೋದೀತು? 1952ರಲ್ಲಿ ಮೊದಲು ಹಾರಿದ ಪೋಲೆಂಡಿನ ಎರಡು ಆಸನದ ಗ್ಲೈಡರ್ 'ಬೋಚಾನ್' ಆಗಿದ್ದರೆ ಲೆಕ್ಕ ಸುಲಭ. ಗಾಳಿ ಸ್ತಬ್ಧವಾಗಿದ್ದಾಗ ಅದು ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 26 ಮೀಟರ್ ಮುಂದೆ ಸಾಗುತ್ತದೆ. ಸಿಂಧನೂರಿನಿಂದ ಮಸ್ಕಿಗೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 25 ಕಿ.ಮೀ. ಅಂದರೆ ಮಸ್ಕಿ ಮುಟ್ಟುವ ಹೊತ್ತಿಗೆ ಗ್ಲೈಡರ್ ನೆಲಕ್ಕೆ ತಾಗುವಷ್ಟು ಕೆಳಗೆ ಬಂದಿರುತ್ತದೆ. ಲಿಂಗಸುಗೂರು ಇನ್ನೂ ಅಷ್ಟೇ ದೂರ ಉಳಿದಿರುತ್ತದೆ.

ಉಳಿದ ದಾರಿಯನ್ನು ಅದಕ್ಕೆ ದಾಟಿಸಬೇಕಾದದ್ದು ಬಿಸಿಲು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಯ ಮೇಲೆ ಬಿದ್ದ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಗಾಳಿ ಅಷ್ಟಾಗಿ ಕಾಯುವುದಿಲ್ಲ. ಒಣಗಿದ ಎರೆ ಹೊಲ, ಮಸಾರಿ ನೆಲ, ಬರಿಬಂಡೆ ಹಾಗಲ್ಲ. ಅವು ಬೇಗ ಕಾಯುತ್ತವೆ, ಅವುಗಳಿಗೆ ಅಂಟಿಕೊಂಡ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ಹಗುರಾಗಿ, ಸುತ್ತಲಿನ ತಂಪು ಗಾಳಿಯಿಂದ ಬಿಡಿಸಿಕೊಂಡು ಕಂಬದಂತೆ ಮೇಲೇಳುತ್ತದೆ. ಹಾರುವವರು ಇದನ್ನು ಥರ್ಮಲ್ ಎನ್ನುತ್ತಾರೆ. ಗ್ಲೈಡರ್ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಇಳಿಯುತ್ತಿದ್ದು, ಥರ್ಮಲ್ ಸೆಕೆಂಡಿಗೆ ಎರಡು ಮೂರು ಮೀಟರ್ ಏರುತ್ತಿದ್ದರೆ, ಅದರೊಳಗೆ ಸುತ್ತು ಹಾಕುವ ಗ್ಲೈಡರ್ ಮೇಲಕ್ಕೇರಲೇಬೇಕು.

ಮಲ್ಲಿಕಾರ್ಜುನ ದೇವಸ್ಥಾನವಿರುವ ಮಸ್ಕಿಯ ಬಂಡೆಗುಡ್ಡದ ಮೇಲೆ ಬೇಸಿಗೆಯ ನಡುಹಗಲಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವುದು ಇದರ ಬಲದಿಂದಲೇ. ಗ್ಲೈಡರ್ ಚಾಲಕರು ಎಲ್ಲ ದೇಶಗಳಲ್ಲೂ ಹೀಗೆ ಸುತ್ತುವ ಹಕ್ಕಿಗಳನ್ನು ನೋಡಿಯೇ ಥರ್ಮಲ್ ಇರುವ ಜಾಗ ಗುರುತಿಸುತ್ತಾರೆ. ಮಸ್ಕಿಯಲ್ಲಿ ಮತ್ತೆ ಒಂದು ಕಿಲೋಮೀಟರ್ ಏರಿದರೆ ಲಿಂಗಸುಗೂರು ಕೈಗೆಟುಕುತ್ತದೆ.

ಪೋಲೆಂಡಿನವರು ತಮ್ಮ ಎಷ್ಟೋ ಗ್ಲೈಡರುಗಳಿಗೆ ಹಕ್ಕಿಗಳ ಹೆಸರಿಡುತ್ತಿದ್ದರು. ಬೋಚಾನ್ ಅಂದರೆ ಬಿಳಿ ಕೊಕ್ಕರೆ. ಆಂತೊನಿ ಕೋತ್ಸ್ಯಾನ್ ಎಂಬ ವಿನ್ಯಾಸಕ 1930ರ ದಶಕದ ಆರಂಭದಲ್ಲಿ ಕಲಿಯುವವರಿಗಾಗಿ ಮಾಡಿದ ಗ್ಲೈಡರಿನ ಹೆಸರು 'ಚಾಯ್ಕಾ'. ಅದೇ ದಶಕದಲ್ಲಿ ಪೋಲೆಂಡಿನ ನೌಕಾಪಡೆ ಆರು ಪುಟ್ಟ ಹಡಗುಗಳನ್ನು ಕಟ್ಟಿಸಿತು: ಯಸ್ಕೂವ್ಕಾ, ಮೇವಾ, ರಿಬಿತ್ವಾ, ಚಾಯ್ಕಾ, ಝುರಾವ್, ಚಾಪ್ಲಾ. ಕನ್ನಡದಲ್ಲಿ ಕ್ರಮವಾಗಿ ಅಂಬರಗುಬ್ಬಿ, ಕಡಲಕ್ಕಿ, ರೀವ, ಟಿಟ್ಟಿಭ, ಕ್ರೌಂಚ, ಬಕ. ಜನ ಆ ಹಡಗುಗಳನ್ನು ಒಟ್ಟಾಗಿ 'ಪುಟ್ಟ ಹಕ್ಕಿಗಳು' ಎಂದೇ ಕರೆದರು. ಚಾಯ್ಕಾ ಎಂಬ ಟಿಟ್ಟಿಭ ಹೀಗೆ ಆಕಾಶದಲ್ಲೂ ಇತ್ತು, ಬಾಲ್ಟಿಕ್ ಸಮುದ್ರದಲ್ಲೂ ಇತ್ತು. ಈ ಆರು ಹಡಗುಗಳು ಮೈನ್‌ಸ್ವೀಪರುಗಳು, ಅಂದರೆ ಮೈನ್ ಗುಡಿಸುವ ಹಡಗುಗಳು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಮೈನ್ ಎಂದರೆ ಚಿನ್ನದ ಗಣಿ. ಕಡಲಿನ ಮೈನ್ ನೀರಿನೊಳಗೆ ಅಡಗಿಸಿಟ್ಟ ಸ್ಫೋಟಕ. ಎರಡಕ್ಕೂ ಒಂದೇ ಹೆಸರು ಬರಲು ಕಾರಣ ಕೋಟೆಯ ಮುತ್ತಿಗೆ. ಗಣಿಗಾರರಂತೆ ಸುರಂಗ ಕೊರೆದು ಗೋಡೆಯ ಬುಡ ಸಡಿಲಿಸುವುದು ಹಳೆಯ ಯುದ್ಧತಂತ್ರ. ಆಮೇಲೆ ಆ ಸುರಂಗಕ್ಕೆ ಮದ್ದು ತುಂಬಿದರು. ಕರ್ನಾಟಕಕ್ಕೆ ಇದು ಹೊಸದಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರ ಸುಮಾರಿಗೆ ಬೆಳಗಾವಿ ಕೋಟೆಯ ಗೋಡೆ ಒಡೆದದ್ದು ಹೀಗೆಯೇ. ಸುರಂಗದ ಹೆಸರು ಸ್ಫೋಟಕಕ್ಕೆ ಅಂಟಿತು, ಸ್ಫೋಟಕ ಕಡಲಿಗಿಳಿಯಿತು.

ಆರಂಭದ ಕಡಲ ಮೈನುಗಳ ಕೆಲಸ ಸರಳ. ತಳದಲ್ಲಿ ಭಾರ, ಅದರಿಂದ ಮೇಲಕ್ಕೆ ಸರಪಳಿ ಅಥವಾ ತಂತಿ, ತುದಿಯಲ್ಲಿ ತೇಲುವ ಗುಂಡು. ಹಡಗು ತಾಗಿದರೆ ಸಿಡಿಯುತ್ತದೆ. ಇದನ್ನು ಗುಡಿಸುವ ಹಡಗು ತನ್ನ ಹಿಂದೆ ಗಟ್ಟಿ ತಂತಿಯನ್ನು ಅಗಲಕ್ಕೆ ಹರಡಿ ಎಳೆಯುತ್ತದೆ. ಆ ತಂತಿ ಮೈನಿನ ಕಟ್ಟನ್ನು ಕತ್ತರಿಸಿದಾಗ ಗುಂಡು ಮೇಲೆ ತೇಲಿ ಬರುತ್ತದೆ. ಅದನ್ನು ಬಂದೂಕಿನಿಂದ ಹೊಡೆಯುತ್ತಾರೆ. ಪೋಲೆಂಡಿನ ಆರು ಹಕ್ಕಿಗಳು ಈ ಕೆಲಸಕ್ಕೆ ಕಟ್ಟಿದ, ಸುಮಾರು 180 ಟನ್ನಿನ ಉಕ್ಕಿನ ಹಡಗುಗಳು.

1939ರ ಸೆಪ್ಟೆಂಬರಿನಲ್ಲಿ ಜರ್ಮನಿ ದಾಳಿ ಮಾಡಿದಾಗ ಅವು ಹೆಲ್ ಎಂಬ ಸಣ್ಣ ಭೂಶಿರದ ಸುತ್ತ ಹೋರಾಡಿದವು. ಯಸ್ಕೂವ್ಕಾ ಮತ್ತು ಚಾಪ್ಲಾ ವಿಮಾನ ದಾಳಿಗೆ ಬಲಿಯಾದವು. ಅಕ್ಟೋಬರ್ 2ರಂದು ಹೆಲ್ ಶರಣಾದ ಮೇಲೆ ಉಳಿದವು ಜರ್ಮನರ ಕೈಸೇರಿದವು. ಯುದ್ಧ ಮುಗಿದು 1946ರಲ್ಲಿ ನಾಲ್ಕು ಹಡಗುಗಳು ಮನೆಗೆ ಮರಳಿದವು. ಗ್ಲೈಡರ್ ವಿನ್ಯಾಸಕ ಕೋತ್ಸ್ಯಾನ್ ಮರಳಲಿಲ್ಲ. ಔಶ್‌ವಿಟ್ಜ್ ಶಿಬಿರದಲ್ಲಿ ಸೆರೆಯಿದ್ದು ಬಿಡುಗಡೆಯಾದ ಆತ ಭೂಗತ ಸೇನೆಗೆ ಸೇರಿ, ಜರ್ಮನರ ವಿ-1, ವಿ-2 ಅಸ್ತ್ರಗಳ ರಹಸ್ಯ ಬಯಲು ಮಾಡುವ ಕೆಲಸದಲ್ಲಿ ದುಡಿದ. 1944ರ ಆಗಸ್ಟ್‌ನಲ್ಲಿ ಅವನನ್ನು ವಾರ್ಸಾದಲ್ಲಿ ಕೊಂದರು.

ಅಷ್ಟರಲ್ಲಿ ಮೈನ್ ಕೂಡ ಬದಲಾಗಿತ್ತು. 1939ರ ನವೆಂಬರ್ 23ರಂದು ಇಂಗ್ಲೆಂಡಿನ ಶೂಬರಿನೆಸ್ ಕರಾವಳಿಯ ಕೆಸರಿನಲ್ಲಿ, ಇಳಿತದ ಹೊತ್ತಿಗೆ, ಜರ್ಮನ್ ವಿಮಾನ ಬೀಳಿಸಿದ್ದ ಮೈನೊಂದು ಸಿಕ್ಕಿತು. ಬ್ರಿಟಿಷ್ ನೌಕಾಪಡೆಯ ಜಾನ್ ಔವ್ರಿ ಅದನ್ನು ಜೀವದ ಹಂಗು ತೊರೆದು ಬಿಚ್ಚಿದರು. ಒಳಗಿದ್ದದ್ದು ಕಾಂತಸೂಜಿಯಂಥ ಸೂಕ್ಷ್ಮ ಸಾಧನ. ಹಡಗು ಇದನ್ನು ತಾಗಬೇಕಾಗಿಯೇ ಇರಲಿಲ್ಲ, ಮೇಲೆ ಹಾದುಹೋದರೆ ಸಾಕು.

ಉಕ್ಕಿನ ಹಡಗು ತಾನಾಗಿಯೇ ಅಯಸ್ಕಾಂತ. ಭೂಮಿಯ ಕಾಂತಕ್ಷೇತ್ರದಲ್ಲಿ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ನಿಂತು ಸುತ್ತಿಗೆ ಪೆಟ್ಟು ತಿನ್ನುತ್ತಾ ಕಟ್ಟಿಸಿಕೊಳ್ಳುವ ಉಕ್ಕಿನೊಳಗೆ ಕಾಂತತೆ ಉಳಿದುಬಿಡುತ್ತದೆ. ತಳದಲ್ಲಿ ಮಲಗಿದ ಮೈನ್ ಆ ಕ್ಷೇತ್ರದ ಏರಿಳಿತವನ್ನು ಗುರುತಿಸಿ ಸಿಡಿಯುತ್ತದೆ. ಗುಟ್ಟು ಗೊತ್ತಾದ ಮೇಲೆ ವಿಜ್ಞಾನಿಗಳು ಹಡಗಿನ ಮೈಗೆ ತಂತಿ ಸುತ್ತಿ, ಅದರಲ್ಲಿ ವಿದ್ಯುತ್ ಹರಿಸಿ, ಎದುರು ದಿಕ್ಕಿನ ಕಾಂತಕ್ಷೇತ್ರ ಹುಟ್ಟಿಸಿ ಹಡಗಿನ ಕಾಂತತೆಯನ್ನು ಅಳಿಸುವ ದಾರಿ ಕಂಡುಕೊಂಡರು. ಗುಡಿಸುವುದಕ್ಕಾಗಿ ತೇಲುವ ಕೇಬಲ್ಲುಗಳನ್ನು ಹಿಂದೆ ಎಳೆದು, ವಿದ್ಯುತ್ ಮಿಡಿತ ಕಳಿಸಿ, ದೂರದಲ್ಲೇ ಮೈನ್ ಸಿಡಿಯುವಂತೆ ಮಾಡಿದರು. ಆದರೆ ಗುಡಿಸುವ ಹಡಗೇ ಕಬ್ಬಿಣದ್ದಾಗಿದ್ದರೆ ಮೊದಲು ಸಿಡಿಯುವುದು ಅದರ ಕೆಳಗೆ.

ಹೀಗೆ ಮರ ಮತ್ತೆ ಯುದ್ಧಕ್ಕೆ ಬಂತು. 1950ರ ದಶಕದಲ್ಲಿ ಬ್ರಿಟನ್ ಕಟ್ಟಿದ 'ಟನ್' ವರ್ಗದ ಮೈನ್‌ಸ್ವೀಪರುಗಳಿಗೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಮಹಾಗನಿ ಹಲಗೆಗಳ ಜೋಡಿ ಪದರ. ಎರಡರಲ್ಲೂ ಅಯಸ್ಕಾಂತ ಸೆಳೆಯುವ ಗುಣವಿಲ್ಲ. ಇಂಥ ನಾಲ್ಕು ಹಡಗುಗಳನ್ನು ಭಾರತ 1956ರಲ್ಲಿ ಪಡೆಯಿತು. ಅವುಗಳಲ್ಲೊಂದರ ಹೆಸರು ಐಎನ್‌ಎಸ್ ಕಾರವಾರ. ಅದೇ ಹೆಸರಿನ ಎರಡನೆಯ ಮೈನ್‌ಸ್ವೀಪರ್ ಸೋವಿಯತ್ ಒಕ್ಕೂಟದಿಂದ 1986ರಲ್ಲಿ ಬಂತು. ಅದು 2017ರಲ್ಲಿ ಸೇವೆ ಮುಗಿಸಿತು. ಆ ಸಾಲಿನ ಕೊನೆಯ ಹಡಗು ಐಎನ್‌ಎಸ್ ಕೋಯಿಕ್ಕೋಡ್ 2019ರಲ್ಲಿ ನಿವೃತ್ತಿಯಾಯಿತು.

ಗ್ಲೈಡರಿಗೂ ಮರವೇ ಮೈ, ಕಾರಣ ಮಾತ್ರ ಬೇರೆ. ಅದಕ್ಕೆ ಬೇಕಾದ್ದು ಹಗುರ ಮತ್ತು ನುಣುಪು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತ ಬ್ರಿಟನ್ನಿನ ಹೋರ್ಸಾ ಗ್ಲೈಡರುಗಳ ಭಾಗಗಳನ್ನು ಮೇಜು ಕುರ್ಚಿ ಮಾಡುವ ಕಾರ್ಖಾನೆಗಳು ತಯಾರಿಸಿದವು. ಅದೇ ಕಾಲದಲ್ಲಿ ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದ್ದರು. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಅವರ ಬಳಿ ಓದಿ ಬಂದಿದ್ದ ವಿ. ಎಂ. ಘಾಟಗೆ ಅಲ್ಲಿ ಹತ್ತು ಆಸನದ ಸೈನಿಕ ಗ್ಲೈಡರ್ 'ಜಿ-1' ವಿನ್ಯಾಸ ಮಾಡಿದರು. 1942ರಲ್ಲಿ ಹಾರಿದ ಅದು ಆ ಕಾರ್ಖಾನೆಯಲ್ಲಿ ಭಾರತೀಯರೇ ವಿನ್ಯಾಸ ಮಾಡಿದ ಮೊದಲ ವಿಮಾನ. ಅದಕ್ಕೆ ಎಂಜಿನ್ನೇ ಇರಲಿಲ್ಲ. ಕನ್ನಡನಾಡಿನ ವಿಮಾನ ಚರಿತ್ರೆ ಎಚ್‌ಟಿ-2, ಮಾರುತ್, ತೇಜಸ್ ಎಂದು ಸಾಲಿಡುವಾಗ ಈ ಮೊದಲ ಹೆಜ್ಜೆಯನ್ನು ಬಿಡಬಾರದು.

ಮರದ ಜಾಗಕ್ಕೆ ಎರಡೂ ಕಡೆ ಬಂದದ್ದು ಗಾಜಿನ ನಾರು ಮತ್ತು ರಾಳ. 1957ರಲ್ಲಿ ಜರ್ಮನಿಯ 'ಫೀನಿಕ್ಸ್' ಗ್ಲೈಡರ್ ಈ ದಾರಿ ತೋರಿತು. 1972ರಲ್ಲಿ ಬ್ರಿಟನ್ ಇದೇ ವಸ್ತುವಿನಿಂದ ಮೈನ್‌ಸ್ವೀಪರ್ ಎಚ್‌ಎಂಎಸ್ ವಿಲ್ಟನ್ ಕಡಲಿಗಿಳಿಸಿತು. ಪೋಲೆಂಡ್‌ನಲ್ಲಿ ಗಾಜುನಾರಿನ 'ಯಾಂತಾರ್' ಗ್ಲೈಡರ್ 1972ರಲ್ಲಿ ಹಾರಿತು, ಹತ್ತು ವರ್ಷಗಳ ನಂತರ ಅದೇ ಬಗೆಯ ವಸ್ತುವಿನ ಮೈನ್‌ಸ್ವೀಪರ್ 'ಗೋಪ್ವೋ' ಸೇವೆಗೆ ಸೇರಿತು. ಒಂದಕ್ಕೆ ನುಣುಪು ಬೇಕಿತ್ತು, ಇನ್ನೊಂದಕ್ಕೆ ಕಾಂತತೆ ಬೇಡವಾಗಿತ್ತು.

ಕಾಂತತೆಯನ್ನು ದೂರದಿಂದಲೇ ಗುರುತಿಸುವ ವಿದ್ಯೆ ಮಸ್ಕಿಯ ನೆಲವನ್ನೂ ಓದುತ್ತದೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಕೊಕ್ಕೆಯಂತೆ ಬಾಗಿದ, 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಪಟ್ಟಿಯಿದೆ. ಹಟ್ಟಿಯ ಚಿನ್ನ ಅದರದ್ದೇ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಶಾಸನ ಕಂಡದ್ದೂ ಈ ಪಟ್ಟಿಯ ಬೆನ್ನು ಹತ್ತಿಯೇ. ಆ ಕಾಲದಲ್ಲಿ ಶಿಲೆಯನ್ನು ಕಣ್ಣಿನಿಂದ ನೋಡಿ, ಸುತ್ತಿಗೆಯಿಂದ ಒಡೆದು ಪರೀಕ್ಷಿಸುತ್ತಿದ್ದರು. ಅಮೆರಿಕದಲ್ಲಿ ವಿಕ್ಟರ್ ವಾಕಿಯೆ ರೂಪಿಸಿದ, ಯುದ್ಧಕಾಲದಲ್ಲಿ ವಿಮಾನದಿಂದ ಜಲಾಂತರ್ಗಾಮಿ ಹುಡುಕಲು ಬಳಸಿದ ಕಾಂತಮಾಪಕ, ಯುದ್ಧ ಮುಗಿದ ಮೇಲೆ ಭೂವಿಜ್ಞಾನಿಗಳ ಕೈಗೆ ಬಂತು. ಮಣ್ಣಿನಡಿ ಕಬ್ಬಿಣದ ಅಂಶವಿರುವ ಶಿಲೆ ಎಲ್ಲಿದೆ, ಎಲ್ಲಿ ಮುರಿದಿದೆ, ಯಾವ ಕಡೆ ತಿರುಗಿದೆ ಎಂಬುದನ್ನು ಇಂಥ ಮಾಪಕ ಅಗೆಯದೆಯೇ ಹೇಳುತ್ತದೆ.

ವಿಮಾನದಲ್ಲಿ ಸಮೀಕ್ಷೆ ಮಾಡುವಾಗ ಆ ಮಾಪಕವನ್ನು ಬಾಲದಾಚೆಗೆ ಚಾಚಿದ ಉದ್ದ ಕೋಲಿನ ತುದಿಗೆ ಇಡುವುದು ರೂಢಿ. ಇಲ್ಲದಿದ್ದರೆ ಅದು ಎಂಜಿನ್ನಿನ ಕಬ್ಬಿಣವನ್ನೇ ಅಳೆಯುತ್ತದೆ. ನಡೆದೇ ಸಮೀಕ್ಷೆ ಮಾಡುವ ಭೂವಿಜ್ಞಾನಿ ಎರೆ ಹೊಲಕ್ಕೆ ಕಾಲಿಡುವ ಮುಂಚೆ ಜೇಬಿನಿಂದ ಬೀಗದ ಕೈ, ಚಾಕು, ಮೊಬೈಲ್ ತೆಗೆದು ಜೊತೆಯವರ ಕೈಗೆ ಕೊಡುತ್ತಾನೆ, ಸೊಂಟಪಟ್ಟಿಯನ್ನೂ ಬಿಚ್ಚಿಡುತ್ತಾನೆ. ಆಮೇಲೆ ಮಾಪಕ ಹಿಡಿದು, ಒಂದೇ ಅಂತರದ ಹೆಜ್ಜೆಗಳಲ್ಲಿ, ಗೆರೆ ಹಿಡಿದು ಹೊಲದ ಆ ತುದಿಯವರೆಗೆ ನಡೆಯುತ್ತಾನೆ.