ಹಳೆಯ ಕಾರುಗಳಲ್ಲಿ ಇಂಜಿನ್ ಶಕ್ತಿ ಕುಂದುವಿಕೆ: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಸಾರಿಗೇತರ ವಾಹನದ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಿ ಐದು ವರ್ಷಗಳ ಅವಧಿಗೆ ನವೀಕರಿಸಿಕೊಳ್ಳತಕ್ಕದ್ದು. ಈ ಹಂತವನ್ನು ತಲುಪುವ ಕಾರುಗಳಲ್ಲಿ ಅನೇಕವು ಒಂದು ಲಕ್ಷ ಕಿಲೋಮೀಟರಿಗೂ ಮಿಗಿಲಾಗಿ ಓಡಿರುತ್ತವೆ. ಅವುಗಳ ಬಗ್ಗೆ ಮಾಲೀಕರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಗಾಡಿಗೆ ಮೊದಲಿನ ಪಿಕಪ್ ಇಲ್ಲ, ಏರು ರಸ್ತೆಯಲ್ಲಿ ಎಳೆಯುವುದಿಲ್ಲ.

ಈ ದೂರಿಗೆ ಇಂಜಿನ್ ಬಿಚ್ಚಿ ರಿಂಗ್ ಬದಲಾಯಿಸುವುದೇ ಪರಿಹಾರವೆಂದು ಭಾವಿಸಿ, ಕಾರಿನ ಮಾರುಕಟ್ಟೆ ಬೆಲೆಗೆ ಸಮನಾದ ಹಣವನ್ನು ವ್ಯಯಿಸುವವರಿದ್ದಾರೆ. ಕಾರನ್ನೇ ಗುಜರಿಗೆ ಹಾಕುವವರೂ ಇದ್ದಾರೆ. ಶಕ್ತಿ ಕುಂದುವುದು ಒಂದು ಲಕ್ಷಣವೇ ಹೊರತು ಸ್ವತಃ ಒಂದು ದೋಷವಲ್ಲ. ಅದರ ಹಿಂದೆ ಸಡಿಲಗೊಂಡ ಆಕ್ಸಿಲರೇಟರ್ ಕೇಬಲ್ ಇರಬಹುದು, ಸವೆದ ಪಿಸ್ಟನ್ ರಿಂಗ್ ಸಹ ಇರಬಹುದು. ಇವೆರಡರ ವೆಚ್ಚದಲ್ಲಿ ಅಜಗಜಾಂತರವಿದೆ. ಆದುದರಿಂದ ಅರ್ಜಿದಾರರು ರಿಪೇರಿಗೆ ಒಪ್ಪಿಗೆ ನೀಡುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

ಎತ್ತರದ ಪ್ರದೇಶದ ಪರಿಣಾಮ

ಸಮುದ್ರಮಟ್ಟದಿಂದ ಎತ್ತರಕ್ಕೆ ಹೋದಂತೆ ಗಾಳಿಯು ವಿರಳವಾಗುತ್ತದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಮೀಟರಿಗೆ ತನ್ನ ಶಕ್ತಿಯ ಸುಮಾರು ಶೇಕಡ 10ರಷ್ಟನ್ನು ಕಳೆದುಕೊಳ್ಳುತ್ತದೆ. ಬೆಂಗಳೂರು ನಗರವು ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಮಡಿಕೇರಿಯು ಸಾವಿರ ಮೀಟರಿಗೂ ಮೇಲಿದೆ. ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಸಣ್ಣ ಕಾರು ಬೆಂಗಳೂರಿಗೆ ಬಂದ ಮೇಲೆ ಮಂದವೆನಿಸಿದರೆ ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಅದೇ ಊರಿನಲ್ಲಿ, ಅದೇ ಏರಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ಕಾರು ಈಗ ಎರಡನೇ ಗೇರನ್ನು ಕೇಳುತ್ತಿದ್ದರೆ ಮಾತ್ರ ಶಕ್ತಿ ಕುಂದಿದೆ ಎಂದು ನಿರ್ಧರಿಸಬಹುದು.

ಇಂಜಿನ್ನಿಗೆ ಸಂಬಂಧಿಸದ ಕಾರಣಗಳು

ಇಂಜಿನ್ ಉತ್ಪಾದಿಸಿದ ಶಕ್ತಿಯು ಚಕ್ರವನ್ನು ತಲುಪುವ ಮುನ್ನವೇ ನಷ್ಟವಾಗುತ್ತಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಸದ್ದು ಏರಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ನಂತರ ಯಾವುದಾದರೂ ಒಂದು ಚಕ್ರದ ಡಿಸ್ಕ್ ಇತರ ಚಕ್ರಗಳಿಗಿಂತ ಅತಿಯಾಗಿ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಕೈ ಸುಡುವ ಸಂಭವವಿರುವುದರಿಂದ ಅದನ್ನು ನೇರವಾಗಿ ಮುಟ್ಟದೆ, ಕೈಯನ್ನು ಹತ್ತಿರ ಹಿಡಿದು ಅರಿಯತಕ್ಕದ್ದು. ಟೈರುಗಳ ಗಾಳಿಯನ್ನೂ ಪರೀಕ್ಷಿಸಬೇಕು.

ಇನ್ನೊಂದು ಪರೀಕ್ಷೆಗೆ ಯಾವ ಖರ್ಚೂ ಇಲ್ಲ. ಇಂಜಿನ್ ಆಫ್ ಮಾಡಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಲಿ. ಮತ್ತೊಬ್ಬರು ಬಾನೆಟ್ ಎತ್ತಿ ಥ್ರಾಟಲ್ ಪೂರ್ತಿ ತೆರೆಯುವುದೇ ಎಂದು ನೋಡಲಿ. ಹಿಗ್ಗಿದ ಕೇಬಲ್ ಅಥವಾ ಪೆಡಲಿನ ಕೆಳಗೆ ಸಿಲುಕಿದ ದಪ್ಪ ಮ್ಯಾಟ್ ಕಾರಣವಾಗಿದ್ದಲ್ಲಿ ಇಷ್ಟಕ್ಕೇ ತಿಳಿದುಬರುತ್ತದೆ.

ವಾಯುಮಾಲಿನ್ಯ ತಪಾಸಣಾ ಪತ್ರದ ಅಂಕಿಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಡಿ ನೀಡಲಾಗುವ ತಪಾಸಣಾ ಪತ್ರವನ್ನು ಬಹುತೇಕ ಮಾಲೀಕರು ಉತ್ತೀರ್ಣವೋ ಅನುತ್ತೀರ್ಣವೋ ಎಂದಷ್ಟೇ ನೋಡಿ ಮಡಿಸಿಡುತ್ತಾರೆ. ಅದರಲ್ಲಿ ಮುದ್ರಿತವಾಗಿರುವ ಅಂಕಿಗಳು ಇಂಜಿನ್ನಿನ ಒಳಸ್ಥಿತಿಯ ಸೂಚಕಗಳಾಗಿವೆ. ಪೆಟ್ರೋಲ್ ಕಾರುಗಳಿಗೆ ಐಡಲ್ ಸ್ಥಿತಿಯಲ್ಲಿ ಅನುಮತಿಸಲಾದ ಮಿತಿಗಳು ಹೀಗಿವೆ: ಭಾರತ್ ಹಂತ 2ಕ್ಕೆ ಹಿಂದಿನ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡ 3.0 ಹಾಗೂ ಹೈಡ್ರೋಕಾರ್ಬನ್ 1500 ಪಿಪಿಎಂ. ಹಂತ 2 ಮತ್ತು 3ರ ವಾಹನಗಳಿಗೆ ಶೇಕಡ 0.5 ಹಾಗೂ 750 ಪಿಪಿಎಂ. ಹಂತ 4ರ ವಾಹನಗಳಿಗೆ ಶೇಕಡ 0.3 ಹಾಗೂ 200 ಪಿಪಿಎಂ.

ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿದ್ದು ಹೈಡ್ರೋಕಾರ್ಬನ್ ಮಿತಿಯೊಳಗಿದ್ದರೆ, ಗಾಳಿಗೆ ಹೋಲಿಸಿದಲ್ಲಿ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಧೂಳು ತುಂಬಿದ ಏರ್ ಫಿಲ್ಟರ್, ಕಾರ್ಬ್ಯುರೇಟರಿನಲ್ಲಿ ಸಿಲುಕಿದ ಚೋಕ್, ಇಂಜೆಕ್ಷನ್ ಕಾರುಗಳಲ್ಲಿ ತಪ್ಪು ಮಾಹಿತಿ ನೀಡುವ ಉಷ್ಣತಾ ಸಂವೇದಕ, ಇವು ಸಾಮಾನ್ಯ ಕಾರಣಗಳು. ಇದಕ್ಕೆ ವ್ಯತಿರಿಕ್ತವಾಗಿ, ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲ್ ಸುಡದೆಯೇ ಹೊರಬರುತ್ತಿದೆ. ಅಂದರೆ ಒಂದು ಸಿಲಿಂಡರಿನ ಪ್ಲಗ್, ಪ್ಲಗ್ ವಯರ್ ಅಥವಾ ಕಾಯಿಲ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಇಲ್ಲವೇ ಇನ್‌ಟೇಕ್ ಭಾಗದಲ್ಲಿ ಗಾಳಿ ಸೋರುತ್ತಿದೆ, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಮಾರುತಿ 800ರಂತಹ 796 ಸಿ.ಸಿ.ಯ ಮೂರು ಸಿಲಿಂಡರಿನ ಕಾರಿನಲ್ಲಿ ಒಂದು ಪ್ಲಗ್ ಉರಿಯದಿದ್ದರೆ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಹೋದಂತೆ; ಇಂಜಿನ್ನಿನ ನಡುಕವೇ ಅದನ್ನು ಹೇಳುತ್ತದೆ.

ಡೀಸೆಲ್ ಕಾರುಗಳಲ್ಲಿ ಹೊಗೆಯ ಸಾಂದ್ರತೆಯನ್ನು ಅಳೆಯಲಾಗುತ್ತದೆ. ಭಾರತ್ ಹಂತ 4ಕ್ಕೆ ಹಿಂದಿನ ವಾಹನಗಳಿಗೆ ಮಿತಿಯು 65 ಹಾರ್ಟ್‌ರಿಡ್ಜ್ ಮಾನ. ಕಪ್ಪು ಹೊಗೆಯೊಂದಿಗೆ ಶಕ್ತಿ ಕುಂದಿದ್ದರೆ ಏರ್ ಫಿಲ್ಟರ್, ಇಂಜೆಕ್ಟರ್ ಹಾಗೂ ಟರ್ಬೊ ಪೈಪುಗಳ ಸೋರಿಕೆಯನ್ನು ಮೊದಲು ನೋಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಪೆಟ್ರೋಲ್ ಕಾರಿನ ತಪಾಸಣೆಯು ಕಾರು ನಿಂತಲ್ಲೇ ನಡೆಯುವುದರಿಂದ, ಭಾರ ಬಿದ್ದಾಗ ಮಾತ್ರ ಕಾಣಿಸುವ ದೋಷಗಳು ಅದರಲ್ಲಿ ಕಂಡುಬರುವುದಿಲ್ಲ. ಅಲ್ಲದೆ ಉತ್ತಮ ಸ್ಥಿತಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಇಂಜಿನ್ನಿನ ಸಣ್ಣಪುಟ್ಟ ದೋಷಗಳನ್ನು ಮರೆಮಾಚುತ್ತದೆ. ಎರಡನೆಯದಾಗಿ, ತಪಾಸಣೆಯಲ್ಲಿ ತೇರ್ಗಡೆಯಾಗುವ ಸಲುವಾಗಿ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲನ್ನು ಕಡಿಮೆ ಮಾಡುವ ಪದ್ಧತಿ ಕೆಲವೆಡೆ ಇದೆ. ಹೀಗೆ ಮಾಡಿದಾಗ ಅಂಕಿ ಇಳಿಯುತ್ತದೆ, ಆದರೆ ಕಾರು ನಿಂತ ಸ್ಥಳದಿಂದ ಹೊರಡುವಾಗ ಮುಗ್ಗರಿಸುತ್ತದೆ. ತಪಾಸಣೆಯ ಮರುದಿನದಿಂದಲೇ ಪಿಕಪ್ ಹೋಯಿತೆನ್ನುವ ಮಾಲೀಕರು ಈ ಸಾಧ್ಯತೆಯನ್ನು ಪರಿಶೀಲಿಸತಕ್ಕದ್ದು.

ಏರು ರಸ್ತೆಯಲ್ಲಿ ಮಾತ್ರ ಕಾಣಿಸುವ ದೋಷಗಳು

ನಗರದೊಳಗೆ ಸರಿಯಾಗಿ ಓಡುವ ಕಾರು ಶಿರಾಡಿ ಅಥವಾ ಚಾರ್ಮಾಡಿ ಘಟ್ಟವನ್ನು ಏರುವಾಗ ಸೋಲುತ್ತಿದ್ದರೆ ಎರಡು ಕಾರಣಗಳನ್ನು ಮುಖ್ಯವಾಗಿ ಶಂಕಿಸಬೇಕು. ಒಂದು, ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಎರಡು, ಸುಟ್ಟ ಅನಿಲವು ಸರಾಗವಾಗಿ ಹೊರಹೋಗುತ್ತಿಲ್ಲ.

ಮೊದಲನೆಯದರಲ್ಲಿ ಫ್ಯುಯಲ್ ಫಿಲ್ಟರ್ ಕಟ್ಟಿರುವುದು ಅಥವಾ ಪಂಪ್ ದುರ್ಬಲವಾಗಿರುವುದು ಸಾಮಾನ್ಯ. ಫಿಲ್ಟರನ್ನು ಕೊನೆಯದಾಗಿ ಯಾವಾಗ ಬದಲಾಯಿಸಲಾಯಿತೆಂದು ಹಳೆಯ ಕಾರುಗಳ ಮಾಲೀಕರಿಗೆ ನೆನಪಿರುವುದು ಅಪರೂಪ. 2025ರ ವೇಳೆಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ತಲುಪಲಾಗಿದೆ. ಎಥನಾಲ್ ಟ್ಯಾಂಕಿನ ಹಳೆಯ ಕಸವನ್ನು ಸಡಿಲಿಸಬಲ್ಲದು, ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕಾಗಿ ತಯಾರಿಸದ ರಬ್ಬರ್ ಪೈಪುಗಳನ್ನು ಹಾಳುಮಾಡಬಲ್ಲದು. ಆದ್ದರಿಂದ ಹಳೆಯ ಕಾರುಗಳಲ್ಲಿ ಪೈಪು ಮತ್ತು ಫಿಲ್ಟರುಗಳನ್ನು ಬದಲಾಯಿಸುವುದು ಶಕ್ತಿಗಷ್ಟೇ ಅಲ್ಲದೆ ಬೆಂಕಿಯ ಅಪಾಯವನ್ನು ತಡೆಯಲೂ ಅವಶ್ಯಕ. ಪೆಟ್ರೋಲಿನ ವಾಸನೆ ಬರುತ್ತಿರುವ ಕಾರನ್ನು ಓಡಿಸಕೂಡದು.

ಎರಡನೆಯದು ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್. ಒಳಗಿನ ಜೇನುಗೂಡಿನಂತಹ ಭಾಗವು ಕರಗಿ ಅಥವಾ ಒಡೆದು ದಾರಿಯನ್ನು ಮುಚ್ಚುತ್ತದೆ. ಇಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ನಿಧಾನಗತಿಯಲ್ಲಿ ಸರಿಯಿರುತ್ತದೆ, ವೇಗ ಏರಿದಂತೆ ಉಸಿರುಗಟ್ಟಿದಂತಾಗುತ್ತದೆ. ಇದನ್ನು ವ್ಯಾಕ್ಯೂಮ್ ಮಾಪಕದಿಂದ ಪತ್ತೆ ಮಾಡಬಹುದು. ಸಮುದ್ರಮಟ್ಟದಲ್ಲಿ ಆರೋಗ್ಯಕರ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಬೆಂಗಳೂರಿನ ಎತ್ತರದಲ್ಲಿ ಇದು ಸುಮಾರು 3 ಇಂಚು ಕಡಿಮೆ ಇರುವುದು ಸಹಜ. ಇಂಜಿನ್ನನ್ನು 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ಕ್ರಮೇಣ ಇಳಿಯುತ್ತ ಹೋದರೆ ಹೊಗೆಯ ಹಾದಿಯಲ್ಲಿ ತಡೆಯಿದೆ. ಕನ್ವರ್ಟರನ್ನು ತೆಗೆಸಿ ಖಾಲಿ ಪೈಪ್ ಹಾಕಿಸಿಕೊಂಡರೆ ಪಿಕಪ್ ಮರಳಬಹುದಾದರೂ, ಅದು ನಿಯಮಗಳಿಗೆ ವಿರುದ್ಧವಾಗಿದ್ದು, ಹಂತ 2 ಮತ್ತು ಆನಂತರದ ವಾಹನಗಳು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುವ ಸಂಭವವೇ ಹೆಚ್ಚು. ಅಲ್ಲದೆ ಕನ್ವರ್ಟರ್ ತಾನಾಗಿ ಕರಗುವುದು ವಿರಳ. ಸುಡದ ಪೆಟ್ರೋಲ್ ಅಥವಾ ಆಯಿಲ್ ಅದರೊಳಗೆ ಹೋಗಿರುತ್ತದೆ. ಆ ಮೂಲವನ್ನು ಸರಿಪಡಿಸದೆ ಹೊಸದನ್ನು ಹಾಕಿಸಿದರೆ ಅದೂ ಹಾಳಾಗುತ್ತದೆ.

2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಭಾರತ್ ಹಂತ 4 ಜಾರಿಗೆ ಬಂದಿತು. ಆ ವರ್ಷ ಕೊಂಡ ಕಾರುಗಳಿಗೆ 2025ರಲ್ಲಿ 15 ವರ್ಷ ತುಂಬಿದೆ. ಇಂತಹ ಕಾರುಗಳಲ್ಲಿ ಇಂಜಿನ್ ಎಚ್ಚರಿಕೆ ದೀಪ ಉರಿದರೆ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತವನ್ನು ಓದಿಸಬೇಕು. ಸಂಕೇತದಲ್ಲಿ ಒಂದು ಸಂವೇದಕದ ಹೆಸರು ಬಂದ ಮಾತ್ರಕ್ಕೆ ಆ ಸಂವೇದಕವೇ ಕೆಟ್ಟಿದೆ ಎಂದಲ್ಲ. ಅದು ವರದಿ ಮಾಡುತ್ತಿರುವ ಸಂಗತಿಯೂ ನಿಜವಿರಬಹುದು.

ಕಂಪ್ರೆಷನ್ ಪರೀಕ್ಷೆ

ಮೇಲ್ಕಂಡ ಯಾವುದರಲ್ಲಿಯೂ ಕಾರಣ ದೊರೆಯದಿದ್ದಲ್ಲಿ ಕಂಪ್ರೆಷನ್ ಪರೀಕ್ಷೆಯನ್ನು ಮಾಡಿಸಬೇಕು. ಈ ಪರೀಕ್ಷೆಯ ಫಲಿತಾಂಶವನ್ನು ಬರಹದಲ್ಲಿ ಪಡೆಯದೆ ಇಂಜಿನ್ ಬಿಚ್ಚಲು ಒಪ್ಪಿಗೆ ನೀಡಬಾರದು. ಇದಕ್ಕೆ ತಗಲುವ ಸಮಯ ಒಂದು ಗಂಟೆಯ ಆಸುಪಾಸು.

ಪೆಟ್ರೋಲ್ ಕಾರಿನಲ್ಲಿ ಇಂಜಿನ್ ಬಿಸಿಯಿರುವಾಗ ಎಲ್ಲಾ ಪ್ಲಗ್‌ಗಳನ್ನು ಕಳಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಸರಬರಾಜನ್ನು ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಮಾಪಕ ಜೋಡಿಸಿ ಸ್ಟಾರ್ಟರಿನಿಂದ ತಿರುಗಿಸಲಾಗುತ್ತದೆ. ಅಂಕಿಗಳನ್ನು ತಯಾರಕರ ಕೈಪಿಡಿಯೊಂದಿಗೂ, ಅದಕ್ಕಿಂತ ಮುಖ್ಯವಾಗಿ ಪರಸ್ಪರವೂ ಹೋಲಿಸಬೇಕು. ಒಂದು ಸಿಲಿಂಡರ್ ಮಾತ್ರ ಬಹಳ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚದಷ್ಟು ಇಂಜಿನ್ ಆಯಿಲ್ ಹಾಕಿ ಪುನಃ ಅಳೆಯಲಾಗುತ್ತದೆ. ಅಂಕಿ ಗಮನಾರ್ಹವಾಗಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್‌ನಲ್ಲಿದೆ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆಯಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನು ಶಂಕಿಸಬೇಕು. ಎಲ್ಲವೂ ಸಮನಾಗಿ ಕಡಿಮೆಯಿದ್ದರೆ ಸವೆತವೆಂದು ತೀರ್ಮಾನಿಸುವ ಮುನ್ನ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯೇ ಎಂದು ನೋಡತಕ್ಕದ್ದು. ಈ ಒಂದು ಹೆಜ್ಜೆಯನ್ನು ಬಿಟ್ಟುದರಿಂದ ಸರಿಯಾಗಿಯೇ ಇರುವ ಇಂಜಿನ್ ಬಿಚ್ಚಲ್ಪಡಬಹುದು.

ಎಲ್‌ಪಿಜಿ ಅಥವಾ ಸಿಎನ್‌ಜಿ ಅಳವಡಿಸಿದ ಹಳೆಯ ಕಾರುಗಳಲ್ಲಿ ವಾಲ್ವ್ ಸೀಟ್ ಸವೆದು ವಾಲ್ವ್ ಅಂತರ ಮುಚ್ಚಿಹೋಗುವುದು ಸಾಮಾನ್ಯ. ಆರಂಭದಲ್ಲಿಯೇ ಗಮನಿಸಿ ಅಂತರವನ್ನು ಹೊಂದಿಸಿದರೆ ಸಾಕಾಗುತ್ತದೆ. ತಡವಾದರೆ ಹೆಡ್ ಬಿಚ್ಚಬೇಕಾಗುತ್ತದೆ.

ಇಂಜಿನ್ ಬದಲಾವಣೆ ಮತ್ತು ನೋಂದಣಿ ಪತ್ರ

ರಿಂಗ್, ವಾಲ್ವ್, ಗ್ಯಾಸ್ಕೆಟ್ ಮುಂತಾದ ರಿಪೇರಿಗಳಿಗೆ ಕಚೇರಿಯ ಅನುಮತಿ ಬೇಕಾಗಿಲ್ಲ. ಆದರೆ ರಿಪೇರಿಗಿಂತ ಅಗ್ಗವೆಂದು ಗುಜರಿಯಿಂದ ಬೇರೊಂದು ಇಂಜಿನ್ ತಂದು ಕೂರಿಸುವುದು ಅಧಿನಿಯಮದ 52ನೇ ಪ್ರಕರಣಕ್ಕೆ ಒಳಪಡುತ್ತದೆ. ನೋಂದಣಿ ಪ್ರಾಧಿಕಾರಕ್ಕೆ 14 ದಿನಗಳೊಳಗೆ ವರದಿ ಮಾಡಿ, ಹೊಸ ಇಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ನವೀಕರಣದ ಪರಿಶೀಲನೆಯಲ್ಲಿ ಇಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ನೋಡಲಾಗುವುದರಿಂದ, ನಮೂದಾಗದ ಇಂಜಿನ್ ಇರುವ ಕಾರು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಇಂಜಿನ್ನಿನ ಮೂಲವನ್ನು ತೋರಿಸುವ ರಸೀದಿ ಇಲ್ಲದಿದ್ದಲ್ಲಿ ತೊಂದರೆ ಮತ್ತಷ್ಟು ಹೆಚ್ಚುತ್ತದೆ. ಅನಿಲ ಕಿಟ್ ಅಳವಡಿಕೆಯನ್ನೂ ಇದೇ ರೀತಿ ನಮೂದಿಸಿಕೊಂಡಿರಬೇಕು.

ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ನೋಂದಣಿ ಅವಧಿ ಮುಗಿಯುವುದಕ್ಕೆ 60 ದಿನಗಳ ಒಳಗಾಗಿ ಸಲ್ಲಿಸಬಹುದು. ಮೇಲಿನ ತಪಾಸಣೆಗಳನ್ನು ಅದಕ್ಕೂ ಒಂದೆರಡು ತಿಂಗಳು ಮೊದಲೇ ಮಾಡಿಸಿದಲ್ಲಿ, ರಿಪೇರಿ ಮಾಡಿಸಿ ಕಾರನ್ನು ಇಟ್ಟುಕೊಳ್ಳಬೇಕೆ ಅಥವಾ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬೇಕೆ ಎಂಬುದನ್ನು ಕಂಪ್ರೆಷನ್ ಅಂಕಿಗಳನ್ನು ಮುಂದಿಟ್ಟುಕೊಂಡು ನಿರ್ಧರಿಸಲು ಕಾಲಾವಕಾಶ ದೊರೆಯುತ್ತದೆ. ಪರಿಶೀಲನೆಗೆ ಬರುವಾಗ ಮೂಲ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ ಹಾಗೂ ರಿಪೇರಿಯ ನಂತರ ಪಡೆದ ವಾಯುಮಾಲಿನ್ಯ ತಪಾಸಣಾ ಪತ್ರವನ್ನು ತರತಕ್ಕದ್ದು.