ಡಬ್ಬಿಯೊಂದು ಕಪಾಟು ಸೇರಿದ ಕಥೆ

ಅಲ್ ಕೂಜ್‌ನ ಗೋದಾಮುಗಳ ನಡುವಿನ ನಮ್ಮ ಬಾಡಿಗೆ ಕೋಣೆಯಲ್ಲಿ ಮೊನ್ನೆ ಭಾನುವಾರ ಸಂಜೆ ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಊರಿನ ಅನುದಾನಿತ ಶಾಲೆಯೊಂದರ ಮಾಡು ಸೋರುತ್ತಿದೆ, ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸಬೇಕು ಎಂದು ಅಲ್ಲಿನ ಸಮಿತಿ ಪತ್ರ ಬರೆದಿತ್ತು. ನಮ್ಮ ತರುಣ ಸದಸ್ಯರೊಬ್ಬರು ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು ತಂದೇಬಿಟ್ಟಿದ್ದರು. "ಕ್ಯಾಂಪಿಗೆ ಹೋದರೆ ಒಂದೇ ದಿನದಲ್ಲಿ ತುಂಬುತ್ತದೆ, ಸಾರ್" ಎಂದರು. ಆ ಡಬ್ಬಿಯನ್ನು ನಾವು ಕಪಾಟಿನಲ್ಲಿಡಬೇಕಾಯಿತು. ಏಕೆಂಬುದನ್ನು ವಾಚಕ ಬಂಧುಗಳಿಗೆ ತಿಳಿಸುವುದು ಕರ್ತವ್ಯವೆಂದು ಬಗೆದಿದ್ದೇವೆ.

ಈ ದೇಶದಲ್ಲಿ ಸಂಘಗಳಿಗೆ 1974ರಿಂದಲೇ ಕಾನೂನಿದೆ, ಈಗಿರುವುದು 2023ರದು. ದುಬೈಯಲ್ಲಿ 2015ರ ಆಜ್ಞೆಯಂತೆ, ಸಂಬಂಧಪಟ್ಟ ಇಲಾಖೆಯ ಒಪ್ಪಿಗೆಯಿಲ್ಲದೆ ಚಂದಾ ಎತ್ತುವುದಿರಲಿ, ಎತ್ತುತ್ತೇವೆಂದು ಸಾರುವುದೂ ಅಪರಾಧ. ಇದು ಬರೇ ಕಿರುಕುಳವೆನ್ನಲು ನಮಗೆ ಮನಸ್ಸಿಲ್ಲ. ಹಿಂದೊಮ್ಮೆ ತೀರಿಕೊಂಡ ಕೆಲಸಗಾರನ ಮನೆಯವರಿಗೆಂದು ಎತ್ತಿದ ಹಣದ ಲೆಕ್ಕ ಇಂದಿಗೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇನ್ನು ತಾಯ್ನಾಡಿನ ಕಡೆ. ವಿದೇಶಿ ದೇಣಿಗೆ ಕಾಯಿದೆ ಹುಟ್ಟಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ. 2010ರಲ್ಲಿ ಹೊಸ ಕಾಯಿದೆ ಬಂತು. 2020ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಮಾಡಿತು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಊರಿನ ಸಂಸ್ಥೆ ಎಲ್ಲೇ ಇರಲಿ, ವಿದೇಶಿ ಹಣ ಮೊದಲು ಬರಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೆ. ಪ್ರಯೋಗಶಾಲೆಯಲ್ಲಿ ಕ್ರಿಯೆಯನ್ನು ನಿಲ್ಲಿಸಲು ನಾವು ಫ್ಲಾಸ್ಕನ್ನು ಒಡೆಯುವುದಿಲ್ಲ, ನಳಿಕೆಯ ತಿರುಪು ಮುಚ್ಚುತ್ತೇವೆ. ಬೆಂಗಳೂರಿನಲ್ಲಿದ್ದ ಆಮ್ನೆಸ್ಟಿ ಸಂಸ್ಥೆಯನ್ನು ಯಾರೂ ನಿಷೇಧಿಸಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಖಾತೆಗಳು ಸ್ತಂಭಿಸಿದವು, ಕೆಲಸ ನಿಂತಿತು. ಸರಕಾರ ಕಾನೂನುಭಂಗವೆಂದಿತು, ಸಂಸ್ಥೆ ಅಲ್ಲಗಳೆಯಿತು. ತಪ್ಪು ಯಾರದೇ ಇರಲಿ, ವಿಚಾರಣೆ ಮುಗಿಯುವ ಮೊದಲೇ ಸಂಬಳ ನಿಲ್ಲುವ ಪದ್ಧತಿ ನಮಗೆ ಸರಿಕಾಣದು.

ಇದರಲ್ಲೊಂದು ಸೂಕ್ಷ್ಮವಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅದೇ ಹಣ ಇಲ್ಲಿ ಸ್ಥಾಪಿತವಾದ ಸಂಘದ ಹೆಸರಿನಲ್ಲಿ ಹೋದರೆ ವಿದೇಶಿ! ಕೆನಡಾದ ಪೌರತ್ವ ಪಡೆದಿರುವ ನಮ್ಮ ಮಿತ್ರರೂ, ಪಾಪ, ವಿದೇಶಿ ಮೂಲವೇ.

ಶಾಲೆಗೆ ದೆಹಲಿಯ ಖಾತೆಯಿಲ್ಲ. ಆದ್ದರಿಂದ ಅಲ್ಲಿ ಓದಿದ ನಾಲ್ವರು, ಯಾರ ಬಳಿಯೂ ಕೈಚಾಚದೆ, ತಂತಮ್ಮ ಖಾತೆಯಿಂದ ತಂತಮ್ಮ ಹೆಸರಿನಲ್ಲೇ ಹಣ ಕಳಿಸಿ ರಸೀದಿ ತರಿಸಿಕೊಂಡರು. ಅರ್ಧ ಮಾಡಿಗೆ ಹೆಂಚಾಗಿದೆ. ಕೆನಡಾದ ಮಿತ್ರರು ಅಂದಿನ ಚಹಾದ ಖರ್ಚು ವಹಿಸಿಕೊಂಡರು. ಡಬ್ಬಿಯ ತೂತಿಗೆ ಟೇಪು ಅಂಟಿಸಿ ಈಗ ಅದರಲ್ಲಿ ಸಕ್ಕರೆ ತುಂಬಿಟ್ಟಿದ್ದೇವೆ.