ಕಪಿಲೆಯ ದಡದಲ್ಲಿ ಒಂದು ದಿನ

ಡಿಸೆಂಬರ್ ಬಂತೆಂದರೆ ಮೈಸೂರು ಸೀಮೆಯ ಶಾಲೆಗಳಲ್ಲಿ ಪ್ರವಾಸದ ಮಾತು. ಎಲ್ಲಿಗೆ ಎಂದು ಮಕ್ಕಳನ್ನು ಕೇಳಿದರೆ ಉತ್ತರ ಒಂದೇ: ಕಡಲು ನೋಡಬೇಕು. ಮಲ್ಪೆ ಬಂದರು, ಮುರುಡೇಶ್ವರ, ಗೋಕರ್ಣ. ಆಸೆ ಸಹಜವೇ. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸುತ್ತಾ ಘಟ್ಟ ಇಳಿಯುವ ಮೊದಲು, ಮನೆಯ ಹತ್ತಿರವೇ ನೀರಿನಂಚಿನಲ್ಲಿ ಬೆಳೆದ ಎರಡು ಊರುಗಳನ್ನು ಎಷ್ಟು ಮಕ್ಕಳು ಕಣ್ಣಾರೆ ನೋಡಿದ್ದಾರೆ? ನಂಜನಗೂಡಿಗೆ ಹೋದವರು ದರ್ಶನ ಮುಗಿಸಿ ಮುಂದಿನ ಬಸ್ಸಿಗೆ ಹಿಂದಿರುಗುತ್ತಾರೆ. ತಿರುಮಕೂಡಲು ನರಸೀಪುರದಲ್ಲಿ ಬಸ್ಸು ಬದಲಿಸುತ್ತಾರೆ, ಅಷ್ಟೆ.

ಮೈಸೂರಿನಿಂದ ನಂಜನಗೂಡಿಗೆ ರೈಲಿನಲ್ಲಿ ಬರುವುದೇ ಮೇಲು. ಊರು ಸೇರುವ ಮುನ್ನ ಕಪಿಲೆಯ ಮೇಲೆ ಹಳೆಯ ಕಮಾನು ಸೇತುವೆಯೊಂದು ಕಾಣುತ್ತದೆ. 1735ರಲ್ಲಿ ದಳವಾಯಿ ದೇವರಾಜನ ಕಾಲದಲ್ಲಿ ಕಟ್ಟಿದ್ದು. ಎತ್ತಿನ ಗಾಡಿಗಳ ಕಾಲದ ಈ ಸೇತುವೆಯ ಮೇಲೆ ಮುಂದೆ ಮೀಟರ್‌ಗೇಜ್ ರೈಲೂ ಓಡಿತು! ಬ್ರಾಡ್‌ಗೇಜ್ ಆದ ಮೇಲೆ ಗಾಡಿಗಳು ಹೊಸ ಸೇತುವೆ ಹಿಡಿದವು. ಉಕ್ಕಿನ ತೊಲೆಗಳಿಲ್ಲದೆ ಇಷ್ಟು ಭಾರ ತಡೆದದ್ದು ಹೇಗೆ? ಕಲ್ಲು, ಇಟ್ಟಿಗೆಗಳನ್ನು ಎಳೆದರೆ ಬೇಗ ಬಿರಿಯುತ್ತವೆ. ಒತ್ತಿದರೆ ಮಾತ್ರ ಬಹಳ ಭಾರ ತಾಳುತ್ತವೆ. ಕಮಾನು ಮೇಲಿನ ಭಾರವನ್ನೆಲ್ಲ ಒತ್ತಡವಾಗಿಸಿ ಎರಡೂ ಬದಿಯ ಕಂಬಗಳಿಗೆ ಸಾಗಿಸುತ್ತದೆ. ಪುಸ್ತಕದ ಚಿತ್ರದಲ್ಲಿ ಅರ್ಥವಾಗದ್ದು ಇಲ್ಲಿ ಐದು ನಿಮಿಷ ನಿಂತರೆ ಅರ್ಥವಾಗುತ್ತದೆ.

ಶ್ರೀಕಂಠೇಶ್ವರನಿಗೆ ಟಿಪ್ಪು ಸುಲ್ತಾನ 'ಹಕೀಂ ನಂಜುಂಡ' ಎಂದು ಹೆಸರಿಟ್ಟನೆಂಬ ಕಥೆ ಎಲ್ಲರಿಗೂ ಗೊತ್ತು. ದೇವಸ್ಥಾನದಿಂದ ಸ್ನಾನಘಟ್ಟಕ್ಕೆ ಇಳಿದು ಹದಿನಾರು ಕಾಲು ಮಂಟಪವನ್ನೂ ನೋಡಬೇಕು. ಹೊಳೆ ಎಷ್ಟು ಏರಿದೆಯೆಂದು ಊರಿನವರು ಅಳೆಯುವುದು ಇದರಿಂದಲೇ. 2018 ಮತ್ತು 2019ರ ಪ್ರವಾಹಗಳಲ್ಲಿ ಇದು ಮುಳುಗಿತ್ತು. ಊರಿನ ಹೆಸರು ಹೊತ್ತ ರಸಬಾಳೆಯನ್ನು ಮಾತ್ರ ಕೇಳಿ, ನೋಡಿ ಕೊಳ್ಳಬೇಕು. ಮಣ್ಣಿನಲ್ಲಿ ಉಳಿದು ಬೇರಿನಿಂದ ಏರುವ ಶಿಲೀಂಧ್ರವೊಂದು ತಂದ ಸೊರಗು ರೋಗದಿಂದ ಅದರ ತೋಟಗಳು ಬಹಳ ಕಡಿಮೆಯಾಗಿವೆ. ಅಂಗಡಿಯ ಪ್ರತಿ ಗೊನೆಯೂ ರಸಬಾಳೆಯಲ್ಲ.

ವಯನಾಡಿನಿಂದ ಬರುವ ಕಪಿಲೆ ಸುತ್ತೂರನ್ನು ಹಾದು ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮ ಎನ್ನುತ್ತಾರೆ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಜನ ಇಲ್ಲಿ ನೆಲೆಸಿದ್ದು ಅದಕ್ಕಿಂತ ಎಷ್ಟೋ ಹಿಂದೆ. ಮೈಸೂರು ವಿಶ್ವವಿದ್ಯಾನಿಲಯದ ಉತ್ಖನನದಲ್ಲಿ ನವಶಿಲಾಯುಗದ ಮಡಕೆಗಳು, ಸಮಾಧಿಗಳು ಸಿಕ್ಕಿವೆ.

ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿರುವುದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಇದೇ ಕಾಳಿನಿಂದ; ಒಂದರ ತೂಕ ಸುಮಾರು 0.12 ಗ್ರಾಂ. ಕಾಳು ನೋಡಲು ಚೆಂದ, ಅಗಿದರೆ ಘೋರ ವಿಷ. ಚಿಕ್ಕ ಮಕ್ಕಳ ಕೈಗೆ ಕೊಡಬಾರದು.

ಸಂಗಮದಲ್ಲಿ ಮಕ್ಕಳನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಬೇಕು. ಇದನ್ನು ಎಷ್ಟು ಸಾರಿ ಹೇಳಿದರೂ ಕಡಿಮೆಯೇ. ಎರಡು ಹೊಳೆಗಳ ವೇಗ ಬೇರೆ ಬೇರೆ. ಕೂಡುವಲ್ಲಿ ಸುಳಿ ಏಳುತ್ತದೆ, ಒಂದು ಕಡೆ ಮರಳು ಕೂತರೆ ಇನ್ನೊಂದು ಕಡೆ ಕೊರೆದು ಗುಂಡಿಯಾಗುತ್ತದೆ. ನಿನ್ನೆ ಮೊಣಕಾಲುದ್ದವಿದ್ದ ಜಾಗ ನಾಳೆ ಆಳವಾಗಿರಬಹುದು. ಮೇಲೆ ಕನ್ನಂಬಾಡಿ, ಕಬಿನಿ ಎರಡೂ ಅಣೆಕಟ್ಟೆಗಳಿವೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋದ ಮುಳಬಾಗಿಲು ಕಡೆಯ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ಉಪ್ಪುನೀರಾದರೇನು, ಸಿಹಿನೀರಾದರೇನು? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿಗಳು, ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಉಪಾಧ್ಯಾಯರು, ನೀರಿಗಿಳಿಸುತ್ತೀರಾ ಎಂದು ಕೇಳಿಯೇ ಸಹಿ ಹಾಕಲಿ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಇರಲೇಬೇಕು.

ಮಳೆಗಾಲ ಕಳೆದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೋಗಲು ಒಳ್ಳೆಯ ಕಾಲ. ಹೊತ್ತು ಉಳಿದರೆ ನರಸೀಪುರಕ್ಕೆ ಹತ್ತಿರದಲ್ಲೇ ಸೋಮನಾಥಪುರದ ದೇವಾಲಯವಿದೆ. ಸಂಜೆಯ ಬಸ್ಸಿಗೆ ಮೈಸೂರು ಸೇರಬಹುದು.